ಸೈರನ್ ಹೊಡೆದರೂ ಯಾರೂ ಏಳಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ಸೇಫ್ಟಿ ಕಮಿಟಿಗೂ ನನ್ನನ್ನು ಸೇರಿಸಿದ್ದಾರೆ. ಫೈರ್ ಡ್ರಿಲ್ ದಿನ ಸೈರನ್ ಹೊಡೆದರೆ ಅರ್ಧ ಜನ ಮಿಷನ್ ಬಿಟ್ಟು ಏಳುವುದೇ ಇಲ್ಲ. ಎದ್ದವರು ನಗುತ್ತಾ, ಊಟದ ಬ್ಯಾಗ್ ಹುಡುಕುತ್ತಾ ಬರುತ್ತಾರೆ. ಗೋಡೆ ತುಂಬ ಪೋಸ್ಟರ್ ಇದೆ, ಯಾರೂ ಓದಲ್ಲ. ಇವರಿಗೆ ತಿಳಿವಳಿಕೆ ಮೂಡಿಸುವುದು ಹೇಗೆ ಸರ್?
– ಹೆಸರು ಬೇಡ, ಬೆಂಗಳೂರು

ಉತ್ತರ: ಒಂದು ಮಾತು ಕೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಬೇರೆ ದಿನಗಳಲ್ಲಿ ಅದೇ ಟೈಲರ್‌ಗಳು ನಿಮ್ಮನ್ನು ಕೇಳದೆ ನೀರು ಕುಡಿಯಲು ಏಳುತ್ತಾರಾ? ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡಿನಲ್ಲಿ ಬರೆದಿರುವ ಕಡೆ ಸೈರನ್ ಕೇಳಿದರೂ ಅವರು ಮೊದಲು ನೋಡುವುದು ಸೂಪರ್‌ವೈಸರ್ ಮುಖ. ಹಾಗಾಗಿ ಶುರು ಮಾಡಬೇಕಾದ್ದು ನಿಮ್ಮಿಂದ, ನಿಮ್ಮ ಪ್ರೊಡಕ್ಷನ್ ಮ್ಯಾನೇಜರ್‌ನಿಂದ. ಸೈರನ್ ಆದರೆ ಯಾರ ಅಪ್ಪಣೆಗೂ ಕಾಯಬೇಡಿ, ಡ್ರಿಲ್‌ಗೆ ಹೋದ ಹೊತ್ತನ್ನು ಆ ದಿನದ ಟಾರ್ಗೆಟ್‌ನಲ್ಲಿ ಕಳೆಯುತ್ತೇವೆ ಅಂತ ಅವರು ಎಲ್ಲರ ಎದುರು ಬಾಯಿಬಿಟ್ಟು ಹೇಳಲಿ. ಒಪ್ಪದಿದ್ದರೆ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 38ನೇ ಸೆಕ್ಷನ್ ನೆನಪಿಸಿ. ಹೊರಗೆ ಹೋಗುವ ದಾರಿ ಇದ್ದರೆ ಸಾಲದು, ಆ ದಾರಿ ಕೆಲಸಗಾರರಿಗೆ ಗೊತ್ತಿರಬೇಕು, ಅದಕ್ಕೆ ತರಬೇತಿಯೂ ಕೊಡಬೇಕು ಅಂತ ಅದರಲ್ಲೇ ಇತ್ತು.

ಪೋಸ್ಟರ್ ಸಾಕು, ಇನ್ನು ನಡೆಸಿ. ಗಾಬರಿಯಾದಾಗ ಜನ ದಿನಾ ಬರುವ ಬಾಗಿಲಿಗೇ ನುಗ್ಗುತ್ತಾರೆ, ಪಕ್ಕದಲ್ಲೇ ಇನ್ನೊಂದು ಮೆಟ್ಟಿಲಿದ್ದರೂ ಅದು ನೆನಪಾಗುವುದಿಲ್ಲ. ದಿನಕ್ಕೊಂದು ಲೈನಿನವರು ಸಂಜೆ ಆ ಎರಡನೇ ಮೆಟ್ಟಿಲಲ್ಲೇ ಇಳಿದು ಮನೆಗೆ ಹೋಗಲಿ. ಆಗ ಬಾಗಿಲಿಗೆ ಬೀಗ ಇದೆಯಾ, ಬಂಡಲ್‌ಗಳು ಅಡ್ಡ ಬಿದ್ದಿವೆಯಾ ಅನ್ನುವುದೂ ತಾನಾಗಿ ಗೊತ್ತಾಗುತ್ತದೆ. ಬಟ್ಟೆ ಕಳುವಾಗುತ್ತೆ, ಒಂದೇ ಬಾಗಿಲಲ್ಲಿ ಚೆಕಿಂಗ್ ಮಾಡೋಣ ಅನ್ನುವ ಮಾತು ನಿಮ್ಮಲ್ಲೂ ಇರುತ್ತದೆ ಅಲ್ವಾ? 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬ್ಲೌಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗ 146 ಜನ ಸತ್ತರು. ಹೆಚ್ಚಿನವರು ಹೊಲಿಗೆ ಕೆಲಸದ ಹುಡುಗಿಯರು. ಅಲ್ಲೂ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಇದನ್ನು ನಿಮ್ಮ ಟೈಲರ್‌ಗಳಿಗೆ ಹೇಳಿ, ಮ್ಯಾನೇಜ್‌ಮೆಂಟಿಗೂ ಹೇಳಿ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ನಿಮ್ಮಲ್ಲಿ ಶಿಶುಪಾಲನಾ ಕೊಠಡಿ ಇದ್ದರೆ ನಿಜವಾದ ಬೆಂಕಿಯ ದಿನ ತಾಯಂದಿರು ಹೊರಗೆ ಓಡುವುದಿಲ್ಲ, ಜನರ ಎದುರಿಗೆ ನುಗ್ಗಿಕೊಂಡು ಮಗುವಿನ ಕಡೆ ಓಡುತ್ತಾರೆ. ಬೇಡ ಅಂದರೆ ಯಾವ ತಾಯಿ ಕೇಳುತ್ತಾಳೆ? ಯಾವ ಆಯಾ ಯಾವ ಮಗುವನ್ನು ಎತ್ತಿಕೊಂಡು ಬರಬೇಕು ಅಂತ ಮೊದಲೇ ನಿಗದಿ ಮಾಡಿ, ಡ್ರಿಲ್‌ನಲ್ಲಿ ಮಕ್ಕಳನ್ನೂ ಹೊರಗೆ ತನ್ನಿ. ಅಂಗಳದಲ್ಲಿ ಮಗು ಮೊದಲೇ ಬಂದು ಕೂತಿರುವುದನ್ನು ತಾಯಿ ಕಣ್ಣಾರೆ ನೋಡಬೇಕು. ಅಷ್ಟಾದರೆ ನಂಬುತ್ತಾಳೆ.

ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರಿದ್ದರೆ ಅವರ ಭಾಷೆಯಲ್ಲಿ ಅವರಲ್ಲೇ ಒಬ್ಬಳಿಂದ ಹೇಳಿಸಿ. ತುಂಬಾ ಹೇಳಬೇಕಿಲ್ಲ. ಜಾಸ್ತಿ ಜನ ಸಾಯುವುದು ಹೊಗೆಯಿಂದ, ಹೊಗೆ ತುಂಬಿದರೆ ನೆಲಕ್ಕೆ ಬಗ್ಗಿ ಹೋಗಿ, ಲಿಫ್ಟ್ ಹತ್ತಬೇಡಿ, ಬ್ಯಾಗಿಗೂ ಮೊಬೈಲಿಗೂ ವಾಪಸ್ ಹೋಗಬೇಡಿ. ಹೊರಗೆ ಬಂದ ಮೇಲೆ ಹಾಜರಿ ಪುಸ್ತಕ ಹಿಡಿದು ಲೈನ್ ಪ್ರಕಾರ ಹೆಸರು ಕೂಗಿ.

ಪ್ರಶ್ನೆ: ನಮ್ಮ ಆಫೀಸು ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿದೆ. ಹಿಂದಿನ ಮೆಟ್ಟಿಲ ತುಂಬ ಮುರಿದ ಕುರ್ಚಿ, ಹಳೇ ಫೈಲು. ಹೇಳಿದರೆ ಸಹೋದ್ಯೋಗಿಗಳು 'ನಿಮಗೇ ಯಾಕೆ ಭಯ' ಅಂತಾರೆ.
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ 9 ಜನ ಸತ್ತರು. ಅವರೂ ನಮ್ಮ ನಿಮ್ಮ ಹಾಗೆ ಆಫೀಸಿಗೆ ಹೋದವರು. ಹೊಗೆ ತಾಳಲಾರದೆ ಕಿಟಕಿ ಒಡೆದು ಹಾರಿದವರೂ ಇದ್ದರು. ಭಯ ಪಡುವುದರಲ್ಲಿ ತಪ್ಪೇನಿಲ್ಲ. ಒಬ್ಬರೇ ಹೇಳಬೇಡಿ, ಮಹಡಿಗೆ ಒಬ್ಬರಂತೆ ಸೇರಿಸಿಕೊಂಡು, ಮೆಟ್ಟಿಲ ಫೋಟೋ ಲಗತ್ತಿಸಿ ಕಟ್ಟಡದ ಮಾಲೀಕರಿಗೆ ಪತ್ರ ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಶನಿವಾರ ಎಲ್ಲರೂ ಸೇರಿ ಆ ಕುರ್ಚಿಗಳನ್ನು ಗುಜರಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅಂಗಡಿಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇದೆ, ಹುಡುಗರಿಗೆ ಬಳಸಲು ಬರಲ್ಲ. ಯಾರು ಕಲಿಸ್ತಾರೆ?
– ಓದುಗರು, ತುಮಕೂರು

ಉತ್ತರ: ನಿಮ್ಮ ಊರಿನ ಅಗ್ನಿಶಾಮಕ ಠಾಣೆಗೆ ಪತ್ರ ಕೊಟ್ಟು ಕೇಳಿ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಇರುತ್ತದೆ. 1944ರಲ್ಲಿ ಮುಂಬೈ ಬಂದರಿನ ಸ್ಫೋಟದಲ್ಲಿ ಸತ್ತ ಸಿಬ್ಬಂದಿಯ ನೆನಪಿಗೆ ಅದು. ಆ ವಾರ ಪ್ರಾತ್ಯಕ್ಷಿಕೆಗಳು ನಡೆಯುತ್ತವೆ, ಹುಡುಗರನ್ನು ಕಳಿಸಿ. ಅಲ್ಲಿಯವರೆಗೆ ಇಷ್ಟು ಹೇಳಿಕೊಡಿ: ಪಿನ್ ಕೀಳಬೇಕು, ಜ್ವಾಲೆಯ ತುದಿಗಲ್ಲ ಬುಡಕ್ಕೆ ಹೊಡೆಯಬೇಕು, ಬೆನ್ನ ಹಿಂದೆ ಬಾಗಿಲು ಇರಬೇಕು. ಅಂಗಡಿಗಳಲ್ಲಿರುವ ಸಿಲಿಂಡರ್ ಅರ್ಧ ನಿಮಿಷವೂ ಬರುವುದಿಲ್ಲ. ಅಷ್ಟರಲ್ಲಿ ಆರದಿದ್ದರೆ ಹೊರಗೆ ಬಂದು 112ಕ್ಕೆ ಅಥವಾ 101ಕ್ಕೆ ಫೋನ್ ಮಾಡಲಿ. ಮತ್ತೆ ಇವತ್ತೇ ಗೇಜ್ ನೋಡಿ, ಮುಳ್ಳು ಹಸಿರಿನಲ್ಲಿ ಇಲ್ಲದಿದ್ದರೆ ಸರ್ವಿಸ್‌ಗೆ ಕೊಡಿ.