ಗುಜರಿಯಿಂದ ತಂದ ಪಲ್ಸರ್ ಇಂಜಿನ್ 150 ಅಥವಾ 180? ಗೋ-ಕಾರ್ಟ್‌ಗೆ ಕೂರಿಸುವ ಮುಂಚೆ ಏನೇನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಂಗಳೂರಿನ ಒಂದು ಗುಜರಿ ಅಂಗಡಿಯಿಂದ ಪಲ್ಸರ್ 180 ಅಂತ ಹೇಳಿ ಕೊಟ್ಟ ಇಂಜಿನ್ ತಂದಿದ್ದೀರಿ. ಕಾಗದ ಇಲ್ಲ. ಕಾರ್ಕಳದ ಮನೆಯಂಗಳದಲ್ಲಿ ಗೋ-ಕಾರ್ಟ್ ಕಟ್ಟುತ್ತಿದ್ದೀರಿ. ಅದು ನಿಜವಾಗಿ ಯಾವ ಇಂಜಿನ್ ಅಂತ ತಿಳಿಯುವುದು ಹೇಗೆ, ಪವರ್ ಜಾಸ್ತಿ ಬರಲು ಬೋರ್ ಮಾಡಿಸಬೇಕಾ (ಅಂದರೆ ಸಿಲಿಂಡರ್ ಒಳಗಿನ ತೂತು ದೊಡ್ಡದು ಮಾಡಿಸಬೇಕಾ), ಮೇಲಿನ ಹೆಡ್ ತೆಗೆದು ಗಾಳಿ, ಹೊಗೆ ಹೋಗುವ ಪೋರ್ಟ್ ಉಜ್ಜಿಸಬೇಕಾ ಅಂತ ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಬೇಡ. ಇಂಜಿನ್ನಿನ ಒಳಗೆ ಏನೂ ಮಾಡಿಸಬೇಡಿ. ಕಾರ್ಟ್‌ಗೆ ಬೇಕಾದ ಕೆಲಸವೆಲ್ಲ ಇಂಜಿನ್ನಿನ ಹೊರಗಿದೆ. ನಾನು ಕುಳಾಯಿಯಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಮೂರು ಕಾರ್ಟ್ ಕಟ್ಟಿದ್ದೇನೆ. ಮೊದಲನೆಯದಕ್ಕೆ ನೀವು ಯೋಚಿಸುತ್ತಿರುವುದನ್ನೇ ಮಾಡಿಸಿದ್ದೆ. ಏಪ್ರಿಲ್ ತಿಂಗಳು, ಕೊಯ್ಲಾದ ಗದ್ದೆ, ಇಪ್ಪತ್ತು ನಿಮಿಷ ಓಡಿಸಿದೆವು. ಪಿಸ್ಟನ್ ಜಾಮ್ ಆಗಿ ನಿಂತೇ ಹೋಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಗುರುತಿಸುವ ವಿಷಯ. ಪಲ್ಸರ್‌ನಲ್ಲಿ ಇಂಜಿನ್ ನಂಬರ್ ಎಡಗಡೆ ಕ್ರ್ಯಾಂಕ್ ಕೇಸ್ (ಇಂಜಿನ್ನಿನ ಕೆಳಗಿನ ಪೆಟ್ಟಿಗೆ) ಮೇಲೆ, ಗೇರ್ ಲಿವರ್ ಹತ್ತಿರ ಹೊಡೆದಿರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಮಣ್ಣು, ಗ್ರೀಸ್ ತೆಗೆಯಿರಿ. ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕಿದರೆ ಎದ್ದು ಕಾಣುತ್ತದೆ. ಆ ಜಾಗದಲ್ಲಿ ಗ್ರೈಂಡರ್ ಗೀರು ಇದ್ದರೆ, ನಂಬರ್ ಅಳಿಸಿ ಮತ್ತೆ ಹೊಡೆದ ಹಾಗೆ ಕಂಡರೆ, ಆ ಇಂಜಿನ್ ನಿಮ್ಮ ಮನೆಯಲ್ಲಿ ಇರಬಾರದು. ವಾಪಸ್ ಕೊಡಿ, ದುಡ್ಡು ಹೋದರೂ ಪರವಾಗಿಲ್ಲ. ಕದ್ದ ಬೈಕಿನ ಭಾಗ ನಮ್ಮ ಅಂಗಳದಲ್ಲಿ ಸಿಕ್ಕರೆ ಉತ್ತರ ಹೇಳಬೇಕಾದವರು ನಾವು, ಅಲ್ವಾ? ನಂಬರ್ ಸರಿ ಇದ್ದರೆ ಅಂಗಡಿಯವರ ಹತ್ತಿರ ಆ ಬೈಕಿನ ಆರ್‌ಸಿ ಪ್ರತಿ ಮತ್ತು ಒಂದು ಬಿಲ್ ಕೇಳಿ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್‌ಗೆ ತಾಳೆ ಹಾಕಿ. ಗುಜರಿಗೆ ಹಾಕಿದ ಗಾಡಿಯ ನೋಂದಣಿಯನ್ನು ಅದರ ಮಾಲೀಕರು ಆರ್‌ಟಿಒದಲ್ಲಿ ರದ್ದು ಮಾಡಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಇದೇ ವಿಷಯದ್ದು. ಆ ಕಾಗದದ ಪ್ರತಿಯೂ ಸಿಕ್ಕರೆ ಇನ್ನೂ ಒಳ್ಳೆಯದು.

ಆದರೆ ಇಂಜಿನ್ ನಂಬರ್ ಕ್ರ್ಯಾಂಕ್ ಕೇಸ್ ಯಾವುದು ಅಂತ ಮಾತ್ರ ಹೇಳುತ್ತದೆ. ಅದರ ಮೇಲೆ ಕೂತಿರುವ ಬ್ಲಾಕ್, ಅಂದರೆ ಸಿಲಿಂಡರ್, ಬೇರೆ ಬೈಕಿನದ್ದಿರಬಹುದು, ಹೆಡ್ ಇನ್ನೊಂದರದ್ದು. ಗುಜರಿಯಲ್ಲಿ ನಾಲ್ಕು ಇಂಜಿನ್ ಬಿಚ್ಚಿ ಒಂದು ಜೋಡಿಸುವುದು ಸಾಮಾನ್ಯ. ಹೊರಗಿನಿಂದ ನೋಡಿದರೆ 150 ಮತ್ತು 180 ಹೆಚ್ಚು ಕಡಿಮೆ ಒಂದೇ ಥರ. ಎರಡು ಸ್ಪಾರ್ಕ್ ಪ್ಲಗ್ ಇದೆ ಅಂದರೆ ಡಿಟಿಎಸ್-ಐ (ಎರಡು ಪ್ಲಗ್ಗಿನ ಇಂಜಿನ್‌ಗೆ ಬಜಾಜ್ ಇಟ್ಟ ಹೆಸರು), ಅಂದರೆ 2003ರ ಈಚಿನದ್ದು, ಅಷ್ಟೇ. 150ಕ್ಕೂ ಎರಡು ಪ್ಲಗ್, 180ಕ್ಕೂ ಎರಡು ಪ್ಲಗ್.

ಹಾಗಾಗಿ ಅಳೆಯಲೇಬೇಕು. ಬೋರ್ ಅಂದರೆ ಸಿಲಿಂಡರ್ ತೂತಿನ ಅಡ್ಡಳತೆ, ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಹೋಗುವ ದೂರ. ಹಳೇ ಪಲ್ಸರ್ 150ಕ್ಕೆ ಬೋರ್ 57 ಮಿ.ಮೀ., ಸ್ಟ್ರೋಕ್ 56.4 ಮಿ.ಮೀ. 180ಕ್ಕೆ ಬೋರ್ 63.5, ಸ್ಟ್ರೋಕ್ ಅದೇ 56.4. ಸ್ಟ್ರೋಕ್ ಒಂದೇ ಆದ್ದರಿಂದ ಪ್ಲಗ್ ತೂತಿನಲ್ಲಿ ಕಡ್ಡಿ ಹಾಕಿ ಪಿಸ್ಟನ್ ಎಷ್ಟು ಮೇಲೆ ಕೆಳಗೆ ಹೋಗುತ್ತದೆ ಅಂತ ನೋಡಿದರೆ ಏನೂ ತಿಳಿಯುವುದಿಲ್ಲ. ಹೆಡ್ ತೆಗೆದು ಬೋರ್‌ಗೆ ವರ್ನಿಯರ್ ಇಡಬೇಕು. ಲೆಕ್ಕ ಸುಲಭ. ಬೋರನ್ನು ಬೋರ್‌ನಿಂದಲೇ ಗುಣಿಸಿ, ಅದನ್ನು ಸ್ಟ್ರೋಕ್‌ನಿಂದ ಗುಣಿಸಿ, ಬಂದದ್ದನ್ನು 0.7854ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 57ಕ್ಕೆ 143.9 ಸಿಸಿ ಬರುತ್ತದೆ, 63.5ಕ್ಕೆ 178.6.

ಇಲ್ಲಿ ಒಂದು ಗೊಂದಲ ಉಂಟು. ನಂತರ ಬಂದ ಕೆಲವು 150ಗಳಿಗೆ ಬೋರ್ 58, ಅಂದರೆ 149 ಸಿಸಿ. ನಿಮಗೆ 58 ಸಿಕ್ಕರೆ ಅದು ಈ ಹೊಸ ಮಾದರಿ ಇರಬಹುದು. ಇಲ್ಲವೇ ಹಳೇ 57ರ ಬ್ಲಾಕನ್ನು ಸವೆದು ಸವೆದು ಕೊನೇ ಓವರ್‌ಸೈಜ್‌ವರೆಗೆ ಬೋರ್ ಮಾಡಿಸಿರಬಹುದು. ಓವರ್‌ಸೈಜ್ ಪಿಸ್ಟನ್, ಅಂದರೆ ಬೋರ್ ಮಾಡಿಸಿದ ಮೇಲೆ ಹಾಕುವ ದೊಡ್ಡ ಪಿಸ್ಟನ್, ಕಾಲು ಮಿ.ಮೀ. ಲೆಕ್ಕದಲ್ಲಿ ಬರುತ್ತದೆ. ಪಿಸ್ಟನ್ ತಲೆಯ ಮಸಿ ಒರೆಸಿ ನೋಡಿ. 25, 50, 75, 100 ಅಂತ ಏನಾದರೂ ಹೊಡೆದಿದ್ದರೆ ಬೋರ್ ಆಗಿದೆ ಅಂತಲೇ ಅರ್ಥ. 100 ಕಂಡರೆ ಆ ಬ್ಲಾಕಿನಲ್ಲಿ ಮುಂದೆ ಬೋರ್ ಮಾಡಲು ಜಾಗ ಇಲ್ಲ. ನನಗೂ ಒಮ್ಮೆ 180 ಅಂತ ಕೊಟ್ಟದ್ದು ಅಳೆದಾಗ 57 ಬಂತು. ಅಂಗಡಿಯವರ ಜತೆ ಜಗಳ ಆಡಲಿಲ್ಲ, ಆ ಇಂಜಿನ್ ಚೆನ್ನಾಗಿಯೇ ಇತ್ತು. ಈಗಲೂ ಓಡುತ್ತಿದೆ.

ಹೆಡ್ ಬಿಚ್ಚುವ ಮುಂಚೆ ಇಂಜಿನ್ನಿನ ಆರೋಗ್ಯ ನೋಡಿ. ಬಂದ ತಕ್ಷಣ ಕಿಕ್ ಹೊಡೆಯಬೇಡಿ. ನಮ್ಮ ಕರಾವಳಿಯ ಗಾಳಿಯಲ್ಲಿ ಒಂದು ಮಳೆಗಾಲ ಸುಮ್ನೆ ಬಿದ್ದ ಇಂಜಿನ್ನಿನ ಬೋರ್ ಒಳಗೆ ತುಕ್ಕು ಹಿಡಿದಿರುತ್ತದೆ. ಪ್ಲಗ್ ತೂತಿನಿಂದ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಮ್ಯಾಗ್ನೆಟ್ ನಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ಎಲ್ಲಾದರೂ ಕಚ್ಚಿದರೆ ಬಲ ಹಾಕಬೇಡಿ. ಹಳೇ ಆಯಿಲ್ ಬಿಳಿ ಪೇಪರ್ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಬೆಳ್ಳಿ ಪುಡಿಯ ಹಾಗೆ ಹೊಳೆದರೆ ಒಳಗೆ ಬೇರಿಂಗ್ ಅಥವಾ ಗೇರ್ ತಿಂದಿದೆ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಹೊಕ್ಕಿದೆ, ನೆರೆಯಲ್ಲಿ ಮುಳುಗಿದ ಬೈಕ್ ಇರಬಹುದು.

ಇಲ್ಲಿಯವರೇ ಗಮನಿಸಬೇಕಾದ ಎರಡು ವಿಷಯ ಇವೆ. ಮಲ್ಪೆ, ಮಂಗಳೂರು ಬಂದರಿನ ಕಡೆ ಮೀನಿನ ಪೆಟ್ಟಿಗೆ ಹೊತ್ತ ಬೈಕುಗಳ ಇಂಜಿನ್ ಮೇಲೆ ಉಪ್ಪುನೀರು ಸುರಿದು ಸುರಿದು ಫಿನ್ನುಗಳಲ್ಲಿ ಬಿಳಿ ಪುಡಿ ಹಿಡಿದಿರುತ್ತದೆ. ಹೆಡ್ಡಿನ ಸ್ಟಡ್ ಬಿಚ್ಚಲು ಹೋದರೆ ಅರ್ಧಕ್ಕೆ ಮುರಿಯುತ್ತದೆ. ಅಂಥದ್ದು ಕಂಡರೆ ಮೂರು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಇರಿ. ಇನ್ನೊಂದು, ಕೆಂಪುಕಲ್ಲಿನ ಕೋರೆ ದಾರಿಯಲ್ಲಿ ಓಡಿದ ಬೈಕ್. ಏರ್ ಫಿಲ್ಟರ್ ಪೆಟ್ಟಿಗೆಯಿಂದ ಕಾರ್ಬುರೇಟರ್‌ಗೆ ಬರುವ ರಬ್ಬರ್ ಒಳಗೆ ಬೆರಳು ಹಾಕಿ. ಕೆಂಪು ಧೂಳು ಅಂಟಿದರೆ ರಿಂಗ್, ಬೋರ್ ಎರಡೂ ಸವೆದಿವೆ ಅಂತಲೇ ಇಟ್ಟುಕೊಳ್ಳಿ.

ಆಮೇಲೆ ಹೊಸ ಆಯಿಲ್ ಹಾಕಿ ಕಂಪ್ರೆಷನ್ ಗೇಜ್ ಇಡಿ. ಗ್ಯಾರೇಜಿನವರ ಹತ್ತಿರ ಇರುತ್ತದೆ. ಥ್ರಾಟಲ್ ಪೂರ್ತಿ ತೆರೆದಿರಬೇಕು, ಎರಡನೇ ಪ್ಲಗ್ ತೂತಿಗೆ ಪ್ಲಗ್ ಹಾಕಿಯೇ ಇರಬೇಕು. 120 ಪಿಎಸ್‌ಐ ಮೇಲೆ ಬಂದರೆ ಸಂತೋಷಪಡಿ. 90ಕ್ಕಿಂತ ಕೆಳಗೆ ಬಂದರೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಆಗ ಏರಿದರೆ ರಿಂಗ್ ಹೋಗಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಒಳ್ಳೇ ರೀಡಿಂಗ್ ಬಂದು, ಆಯಿಲ್ ಕೂಡ ಚೊಕ್ಕ ಇದ್ದರೆ, ಬೋರ್ ಅಳೆಯಲು ಮಾತ್ರ ಹೆಡ್ ತೆಗೆದು ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಡಿ. ಮುಚ್ಚುವಾಗ ಟೈಮಿಂಗ್ ಚೈನಿನ ಗುರುತು ಸರಿ ಕೂತಿದೆಯಾ ಅಂತ ಎರಡು ಸಲ ನೋಡಿ.

ಈಗ ಪವರ್ ಯಾಕೆ ಬೇಡ ಅಂದೆ ಅಂತ ಹೇಳುತ್ತೇನೆ. ದುಡ್ಡು ಕೊಟ್ಟು ಓಡಿಸುವ ಕಾರ್ಟ್ ಟ್ರ್ಯಾಕುಗಳಲ್ಲಿ ಹೋಂಡಾ ಜಿಎಕ್ಸ್200 ಥರದ ಇಂಜಿನ್ ತುಂಬಾ ಕಡೆ ಇರುತ್ತದೆ. 196 ಸಿಸಿ, ಸುಮಾರು ಐದೂವರೆ ಹಾರ್ಸ್ ಪವರ್. ನೆಲಕ್ಕೆ ಅಂಟಿ ಕೂತು ಅದರಲ್ಲಿ ಓಡಿಸಿದರೇ ಎದೆ ಡವಡವ ಅನ್ನುತ್ತದೆ. ನಿಮ್ಮದು 150 ಆದರೂ ಅದರ ಎರಡು ಪಟ್ಟು ಪವರ್ ಇದೆ. ಮೊದಲನೇ ಕಾರ್ಟ್‌ಗೆ ಇದೇ ಜಾಸ್ತಿ.

ಇನ್ನು ಬಿಸಿ. ಬೈಕಿನಲ್ಲಿ ಇಂಜಿನ್ ಮುಂದೆ ಗಾಳಿ ನೇರ ಬಡಿಯುತ್ತದೆ. ಕಾರ್ಟ್‌ನಲ್ಲಿ ಇಂಜಿನ್ ಸೀಟಿನ ಹಿಂದೆ, ನಿಮ್ಮ ಬೆನ್ನಿನ ಮರೆಯಲ್ಲಿ. ವೇಗವೂ ಕಡಿಮೆ. ಬೋರ್ ದೊಡ್ಡದು ಮಾಡಿದರೆ ಬಿಸಿ ಇನ್ನೂ ಏರುತ್ತದೆ, ತಣಿಸುವ ಗಾಳಿ ಮಾತ್ರ ಇಲ್ಲ. ನನ್ನ ಮೊದಲ ಇಂಜಿನ್ ಹೋದದ್ದು ಹೀಗೇ. ಆಮೇಲಿನ ಎರಡಕ್ಕೂ ತಗಡಿನಿಂದ ಒಂದು ಕೊಳವೆ ಮಾಡಿ, ಸೀಟಿನ ಪಕ್ಕದಿಂದ ಗಾಳಿ ಹಿಡಿದು ಹೆಡ್ ಮೇಲೆ ಬೀಳುವ ಹಾಗೆ ಬಿಟ್ಟೆ. ಕೊಳವೆಯ ಬಾಯಿಗೆ 12 ವೋಲ್ಟಿನ ಸಣ್ಣ ಫ್ಯಾನ್. ಕಾರಿನ ರೇಡಿಯೇಟರ್ ಫ್ಯಾನ್ ಹಾಕಬೇಡಿ, ಬೈಕಿನ ಬ್ಯಾಟರಿ ಅದನ್ನು ತಾಳುವುದಿಲ್ಲ. ಪಲ್ಸರ್ ಹೆಡ್‌ಲೈಟ್ ಬಲ್ಬು 35 ವ್ಯಾಟಿನದ್ದು. ಸುಮಾರು ಅಷ್ಟೇ ಕರೆಂಟ್ ಎಳೆಯುವ ಫ್ಯಾನ್ ನೋಡಿ. ಆಕ್ಟಿವಾದಂಥ ಸ್ಕೂಟರ್ ಇಂಜಿನ್‌ಗೆ ಫ್ಯಾನ್ ಒಳಗೇ ಇದೆ, ಗೇರಿನ ತಲೆಬಿಸಿಯೂ ಇಲ್ಲ. ಇನ್ನೂ ಇಂಜಿನ್ ಕೊಳ್ಳದವರು ಯಾರಾದರೂ ಇದನ್ನು ಓದುತ್ತಿದ್ದರೆ ಅದನ್ನೇ ಯೋಚಿಸಿ. ಎಲ್ಲಾದರೂ ಆರ್‌ಎಕ್ಸ್ 100 ಸಿಕ್ಕರೆ ದಯವಿಟ್ಟು ಕಾರ್ಟ್‌ಗೆ ಕತ್ತರಿಸಬೇಡಿ. 1996ರಲ್ಲೇ ನಿಂತುಹೋದ ಬೈಕ್ ಅದು. ಅದನ್ನು ಮತ್ತೆ ರಸ್ತೆಗೆ ತರುವವರಿಗೆ ಕೊಡಿ.

ಕೂರಿಸುವಾಗ ಇಂಜಿನ್ ಬೈಕಿನಲ್ಲಿ ಹೇಗೆ ನೋಡುತ್ತಿತ್ತೋ ಹಾಗೇ ಇರಲಿ, ಅದೇ ಓರೆ, ಅದೇ ದಿಕ್ಕು. ಮುಂದಿನ ಸ್ಪ್ರಾಕೆಟ್ ಎಡಕ್ಕೇ ಬರಬೇಕು. ನಮ್ಮ ಎರಡನೇ ಕಾರ್ಟ್‌ನಲ್ಲಿ ಜಾಗ ಸಾಲದು ಅಂತ ಇಂಜಿನ್ ಹಿಂದೆ ಮುಂದೆ ತಿರುಗಿಸಿ ಕೂರಿಸಿದ್ದೆವು. ಫಸ್ಟ್ ಗೇರ್ ಹಾಕಿದರೆ ಕಾರ್ಟ್ ಹಿಂದಕ್ಕೆ ಹೋಯಿತು. ಎರಡು ದಿನದ ವೆಲ್ಡಿಂಗ್ ಕತ್ತರಿಸಿ ತೆಗೆಯಬೇಕಾಯಿತು. ಬೈಕಿನಲ್ಲಿ ಇಂಜಿನ್ ಹಿಡಿದಿದ್ದ ಬೋಲ್ಟ್ ತೂತುಗಳನ್ನು ಎಲ್ಲವನ್ನೂ ಬಳಸಿ, ಒಂದನ್ನೂ ಬಿಡಬೇಡಿ. ಪಟ್ಟಿಗಳು 5 ಮಿ.ಮೀ.ಗಿಂತ ತೆಳು ಬೇಡ. ಚೈನ್ ಬಿಗಿ ಮಾಡಲು ಕೆಳಗಿನ ಪಟ್ಟಿಯಲ್ಲಿ ಉದ್ದ ತೂತು ಕೊಡಿ. ವೆಲ್ಡಿಂಗ್ ಮಾಡುವಾಗ ಬ್ಯಾಟರಿ, ಸಿಡಿಐ (ಪ್ಲಗ್‌ಗೆ ಕಿಡಿ ಕೊಡಿಸುವ ಪೆಟ್ಟಿಗೆ), ಬ್ಯಾಟರಿ ಚಾರ್ಜ್ ಮಾಡುವ ರೆಕ್ಟಿಫೈಯರ್ ಎಲ್ಲ ಕಳಚಿ ಪಕ್ಕಕ್ಕಿಡಿ. ಇಲ್ಲದಿದ್ದರೆ ಸುಟ್ಟುಹೋಗುತ್ತವೆ.

ಸ್ಪ್ರಾಕೆಟ್ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮಗೆ ಬೇಕಾದ ಎಳೆತ ಸಿಗುವುದು ಇಲ್ಲಿಯೇ. 11 ಇಂಚಿನ ಕಾರ್ಟ್ ಟೈರ್ ಒಂದು ಸುತ್ತಿಗೆ ಸುಮಾರು 88 ಸೆಂ.ಮೀ. ಹೋಗುತ್ತದೆ. ಬೈಕಿನ ಹಿಂದಿನ ಚಕ್ರ ಎರಡು ಮೀಟರ್‌ಗೆ ಸ್ವಲ್ಪ ಕಡಿಮೆ ಹೋಗುತ್ತದೆ. ಅಂದರೆ ಬೈಕಿನ ಸ್ಪ್ರಾಕೆಟ್‌ಗಳನ್ನೇ ಹಾಕಿದರೂ ಬೈಕ್ 100ರಲ್ಲಿ ಓಡುವ ಇಂಜಿನ್ ವೇಗಕ್ಕೆ ಕಾರ್ಟ್ ಸುಮಾರು 45ರಲ್ಲಿ ಓಡುತ್ತದೆ. ಎಳೆತ ಎರಡು ಪಟ್ಟಿಗಿಂತ ಜಾಸ್ತಿ. ಬೋರ್ ಮಾಡಿಸಿ ಇಷ್ಟು ಎಳೆತ ತರಲು ಯಾರಿಂದಲೂ ಆಗದು. ಹಿಂದೆ 44 ಹಲ್ಲಿನದ್ದು ಇದ್ದರೆ ಮೊದಲು ಅದನ್ನೇ ಹಾಕಿ ಓಡಿಸಿ. ಅದರ ಅಡ್ಡಳತೆ ಸುಮಾರು 18 ಸೆಂ.ಮೀ., ಚೈನ್ ಸೇರಿಸಿದರೂ ನೆಲಕ್ಕೆ ನಾಲ್ಕು ಸೆಂ.ಮೀ. ಮೇಲೆ ಇರುತ್ತದೆ. ಕೈ ಕೂತ ಮೇಲೆ ವೇಗ ಬೇಕೆನಿಸಿದರೆ 33 ಹಲ್ಲಿನದ್ದು ಮಾಡಿಸಿ, 45 ಇದ್ದದ್ದು 60 ಆಗುತ್ತದೆ. ಆಕ್ಸೆಲ್‌ಗೆ ಕೂರುವ ಹಬ್ ಮಾತ್ರ ಲೇತ್‌ನಲ್ಲಿ ಮಾಡಿಸಬೇಕು. ಬೈಕಂಪಾಡಿ ಕಡೆ ಲೇತ್ ಕೆಲಸದವರು ಸಿಗುತ್ತಾರೆ. ಆಕ್ಸೆಲ್ ತೆಗೆದುಕೊಂಡೇ ಹೋಗಿ, ಬರೀ ಅಳತೆ ಬರೆದುಕೊಂಡು ಹೋಗಬೇಡಿ.

ವೈರಿಂಗ್ ಪೂರ್ತಿ ಕಿಟ್ ಅದೇ ಮಾದರಿಯ ಬೈಕಿನದ್ದೇ ತನ್ನಿ. ಡಿಟಿಎಸ್-ಐಯ ಸಿಡಿಐ ಬ್ಯಾಟರಿ ಮೇಲೆ ಕೆಲಸ ಮಾಡುವಂಥದ್ದು, ಬ್ಯಾಟರಿ ಬೇಕೇ ಬೇಕು. ಏರ್ ಫಿಲ್ಟರ್ ಪೆಟ್ಟಿಗೆ ತೆಗೆದು ಬರೀ ಕಾರ್ಬುರೇಟರ್ ಬಿಟ್ಟರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗಿ ಮತ್ತೆ ಬಿಸಿಯೇ. ಪ್ಲಗ್ ತೆಗೆದು ನೋಡಿ, ತುದಿ ಬಿಳಿ ಇದ್ದರೆ ಕಾರ್ಬುರೇಟರ್ ಒಳಗೆ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ. ಟ್ಯಾಂಕ್ ಕಾರ್ಬುರೇಟರ್‌ಗಿಂತ ಮೇಲಿರಬೇಕು, ಸೈಲೆನ್ಸರ್‌ನಿಂದ ದೂರ ಇರಬೇಕು. ಆಯಿಲ್ 20ಡಬ್ಲ್ಯು-50, ಬೈಕಿನದ್ದೇ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನೀವು ನನ್ನ ಮಾತು ಮೀರಬಾರದು. ಚೈನ್ ಮತ್ತು ಹಿಂದಿನ ಆಕ್ಸೆಲ್ ಪೂರ್ತಿ ತಗಡಿನಿಂದ ಮುಚ್ಚಿ. ತಿರುಗುವ ಆಕ್ಸೆಲ್‌ಗೆ ಕೂದಲು, ಶಾಲು ಸಿಕ್ಕಿ ನಮ್ಮ ದೇಶದಲ್ಲೇ ಜೀವ ಹೋದದ್ದಿದೆ. ಮನೆಯಂಗಳ ಅಂದಿರಿ, ತಂಗಿ ತಮ್ಮಂದಿರು ನಾನೊಂದು ರೌಂಡ್ ಅಂತ ಬಂದೇ ಬರುತ್ತಾರೆ. ಉದ್ದ ಕೂದಲನ್ನು ಹೆಲ್ಮೆಟ್ ಒಳಗೆ ಸೇರಿಸದೆ ಯಾರನ್ನೂ ಕೂರಿಸಬೇಡಿ. ಇಂಜಿನ್ ಆಫ್ ಮಾಡುವ ಸ್ವಿಚ್ ಎರಡು ಇರಲಿ. ಒಂದು ಸ್ಟೇರಿಂಗ್ ಹತ್ತಿರ, ಇನ್ನೊಂದು ಹೊರಗೆ ನಿಂತವರ ಕೈಗೆ ಸಿಗುವ ಹಾಗೆ. ರಸ್ತೆಗಂತೂ ಇಳಿಸಲೇಬೇಡಿ, ಸಂಜೆ ಖಾಲಿ ಇದ್ದರೂ. ಅದಕ್ಕೆ ನೋಂದಣಿ ಇಲ್ಲ, ವಿಮೆ ಇಲ್ಲ. ನೆಲಕ್ಕೆ ಅಂಟಿ ಕೂತ ನೀವು ಬಸ್ ಡ್ರೈವರ್ ಕಣ್ಣಿಗೆ ಬೀಳುವುದೂ ಇಲ್ಲ.

ಮೊದಲ ಸ್ಟಾರ್ಟ್ ಹಿಂದಿನ ಚಕ್ರ ಎತ್ತಿ ಮರದ ದಿಮ್ಮಿ ಮೇಲೆ ಇಟ್ಟು ಮಾಡಿ. ಐದು ನಿಮಿಷ ಓಡಿಸಿ, ಆಫ್ ಮಾಡಿ, ಎಲ್ಲ ಬೋಲ್ಟ್ ಮತ್ತೆ ಬಿಗಿ ಮಾಡಿ. ಒಂದೆರಡು ಸಡಿಲ ಆಗಿರುತ್ತವೆ. ಬೋರ್ ಅಳತೆ, ಪಿಸ್ಟನ್ ತಲೆಯ ಮೇಲಿನ ನಂಬರ್, ಕಂಪ್ರೆಷನ್ ರೀಡಿಂಗ್ ಈ ಮೂರು ಇಲ್ಲಿ ಕೆಳಗೆ ಬರೆಯಿರಿ. ನಿಮ್ಮ ಟೈರ್ ಸೈಜ್ ಕೂಡ ಹೇಳಿದರೆ ಹಲ್ಲಿನ ಲೆಕ್ಕ ನಾನೇ ಹಾಕಿ ಕೊಡುತ್ತೇನೆ.