ಸಂಪಾದಕರ ಉತ್ತರ: ‘ಹೋಂಡಾ ತಾನೆ’ ಅನ್ನಬೇಡಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಶಿವಮೊಗ್ಗ ಮೂಲದ ಓದುಗರೊಬ್ಬರು ಬರೆದಿದ್ದಾರೆ: “ಹಾಸ್ಟೆಲ್ ಗೋಡೆಗೆ ಫೆರಾರಿ ಪೋಸ್ಟರ್ ಅಂಟಿಸಿಕೊಂಡು ಓದಿದವನು ನಾನು. ಈಗ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವಷ್ಟು ಕೂಡಿಟ್ಟಿದ್ದೇನೆ. 1997ರ ಫೆರಾರಿ ಎಫ್355 ಒಂದು ನೋಡಿದ್ದೇನೆ, 1992ರ ಅಕ್ಯುರಾ (ಅಮೆರಿಕದಲ್ಲಿ ಹೋಂಡಾದ್ದೇ ಬ್ರ್ಯಾಂಡ್) ಎನ್‌ಎಸ್‌ಎಕ್ಸ್ ಒಂದು. ಖರ್ಚು ನಿಭಾಯಿಸಲು ಯಾವುದು ಸುಲಭ? ಗೆಳೆಯರು ‘ಅದು ಹೋಂಡಾ ತಾನೆ, ಅಷ್ಟು ದುಡ್ಡು ಯಾಕೆ ಸುರೀತೀಯ’ ಅಂತಾರೆ. ಆಟೋಮ್ಯಾಟಿಕ್ ಆದರೂ ನಡೆಯುತ್ತಾ?”

ಎಫ್355 ಚೆಂದದ ಕಾರು, ಒಪ್ಪುತ್ತೇನೆ. 3.5 ಲೀಟರ್ ವಿ8, ಸಿಲಿಂಡರಿಗೆ ಐದು ವಾಲ್ವ್. 8,500 ಆರ್‌ಪಿಎಂ ಹತ್ತಿರ ಆ ಎಂಜಿನ್ ಎಬ್ಬಿಸುವ ದನಿಗೆ ಮೈ ಜುಮ್ ಅನ್ನುತ್ತದೆ. ಆದರೆ ವಾಲ್ವ್‌ಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಅದರ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕು. ಕಾರು ಓಡಲಿ, ಬಿಡಲಿ, ಕೆಲವು ವರ್ಷಕ್ಕೊಮ್ಮೆ ಈ ಕೆಲಸ ತಪ್ಪಿದ್ದಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಡುವುದು, ವಾಲ್ವ್ ಗೈಡ್ ಸವೆಯುವುದು ಬೇರೆ. ಮೊದಲ ಕಾರಿಗೆ ಈ ತಲೆನೋವು ಬೇಡ.

ಇನ್ನು ‘ಹೋಂಡಾ ತಾನೆ’ ಅನ್ನುವ ಮಾತು. ಇದು ನನಗೆ ನಿಜಕ್ಕೂ ನೋವು ತಂದಿತು. 1990ರಲ್ಲಿ ಬಂದ ಎನ್‌ಎಸ್‌ಎಕ್ಸ್‌ನ ಬಾಡಿ ಪೂರ್ತಿ ಅಲ್ಯೂಮಿನಿಯಂ. ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್‌ಗಳು ಟೈಟಾನಿಯಂ, ಅಂದರೆ ಹಗುರ, ಗಟ್ಟಿ ಲೋಹದವು. 1989ರಲ್ಲಿ ಜಪಾನಿನ ಸುಝುಕಾ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಐರ್ಟನ್ ಸೆನ್ನಾ ಇದರ ಮಾದರಿಯನ್ನು ಓಡಿಸಿ, ಸ್ವಲ್ಪ ದುರ್ಬಲ ಅನಿಸುತ್ತಿದೆ ಅಂದರು. ಹೋಂಡಾ ಎಂಜಿನಿಯರುಗಳು ಮುನಿಸಿಕೊಳ್ಳಲಿಲ್ಲ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿಗೆ ಕಾರು ಒಯ್ದು, ತಿಂಗಳುಗಟ್ಟಲೆ ಓಡಿಸಿ, ತಿದ್ದಿ, ಬಾಡಿಯ ಗಟ್ಟಿತನವನ್ನು ಸುಮಾರು ಶೇ. 50ರಷ್ಟು ಹೆಚ್ಚಿಸಿದರು. ಮೆಕ್‌ಲಾರೆನ್ ಎಫ್1 ಎಂಬ ಸೂಪರ್ ಕಾರು ವಿನ್ಯಾಸ ಮಾಡಿದ ಗಾರ್ಡನ್ ಮರ್ರಿ ಇದೇ ಕಾರನ್ನು ಮಾದರಿಯಾಗಿ ಎದುರಿಗಿಟ್ಟುಕೊಂಡವರು. ತಾವೇ ಒಂದನ್ನು ಕೊಂಡು ಏಳು ವರ್ಷ ಓಡಿಸಿದರು. ನಿಮ್ಮ ಗೆಳೆಯರಿಗೆ ಇಷ್ಟು ಹೇಳಿ, ಸಾಕು.

ದಿನಾ ಆಫೀಸಿಗೆ ಒಯ್ಯಬಹುದಾದ ಸೂಪರ್ ಕಾರು ಮಾಡಬೇಕು ಅಂತಲೇ ಹೋಂಡಾ ಇದಕ್ಕೆ ಕೈ ಹಾಕಿದ್ದು. ಕೂತರೆ ಸುತ್ತಲೂ ಚೆನ್ನಾಗಿ ಕಾಣುತ್ತದೆ. ಕ್ಲಚ್ ಒತ್ತಿ ಕಾಲು ಸೋಲುವುದಿಲ್ಲ. ಬೆಲ್ಟ್ ಬದಲಿಸಲು ಎಂಜಿನ್ ಇಳಿಸಬೇಕಿಲ್ಲ. ಓಡಿಸುವವನ ಮೇಲೆ ಇಟ್ಟ ಈ ಅಕ್ಕರೆಯನ್ನು ನಾನು ದೊಡ್ಡ ಎಂಜಿನಿಯರಿಂಗ್ ಅಂತ ಕರೆಯುತ್ತೇನೆ.

ಹಾಗಂತ ಕಣ್ಣು ಮುಚ್ಚಿ ಕೊಳ್ಳಬೇಡಿ. 1991, 92ರ ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಸ್ನ್ಯಾಪ್ ರಿಂಗ್ (ಒಳಗಿನ ಬೇರಿಂಗನ್ನು ಜಾಗದಲ್ಲಿ ಹಿಡಿದಿಡುವ ಬಳೆ) ಒಡೆಯುವ ತೊಂದರೆ ಇತ್ತು. ನಿಮ್ಮದರ ಗೇರ್‌ಬಾಕ್ಸ್ ನಂಬರ್ ಆ ಸಾಲಿನಲ್ಲಿದೆಯೇ, ರಿಪೇರಿ ಆಗಿದೆಯೇ ಕೇಳಿ. ಹಿಂದಿನ ಟೈರು ಬೇಗ ಸವೆಯುತ್ತದೆ, ಆ ಖರ್ಚು ಲೆಕ್ಕಕ್ಕೆ ಇರಲಿ. ಎಲ್ಲಕ್ಕಿಂತ ಮುಖ್ಯ, ಎಲ್ಲಾದರೂ ಗುದ್ದಿಸಿಕೊಂಡಿದೆಯೇ ನೋಡಿಸಿ. ಅಲ್ಯೂಮಿನಿಯಂ ಬಾಡಿಯನ್ನು ಎಲ್ಲರೂ ಸರಿಮಾಡಲಾರರು. ಈ ಕಾರು ಗೊತ್ತಿರುವ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು, ಕಾರನ್ನು ಮೇಲೆತ್ತಿಸಿ, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಚೆಕ್ ಮಾಡಿಸಿ. ಮಾರುವವರು ಬೇಡ ಅಂದರೆ ಎದ್ದು ಬನ್ನಿ.

ಸರ್ವಿಸ್ ಬಿಲ್‌ಗಳನ್ನೂ ಒಂದೊಂದಾಗಿ ಓದಿ. ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಯೆಜ್ಡಿ ಬೈಕ್ ಇತ್ತು, ಅದೇ ಊರಿನ ಐಡಿಯಲ್ ಜಾವಾ ಫ್ಯಾಕ್ಟರಿಯದು. ಪ್ಲಗ್ ಬದಲಿಸಿದ್ದು, ಚೈನ್ ಬಿಗಿ ಮಾಡಿಸಿದ್ದು, ಗೇರ್ ಆಯಿಲ್ ಹಾಕಿಸಿದ್ದು, ಎಲ್ಲವನ್ನೂ ತಾರೀಖು ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಮಾರುವ ದಿನ ಕೊಳ್ಳಲು ಬಂದವರು ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಜಗಲಿ ಮೇಲೆ ಕೂತು ಆ ನೋಟ್‌ಬುಕ್ ಓದಿ ಮುಗಿಸಿದರು. ಚೌಕಾಸಿ ಮಾಡದೆ ದುಡ್ಡು ಎಣಿಸಿಕೊಟ್ಟರು. ನನ್ನ ಇನ್ನೊಬ್ಬ ಬಂಧು ಹೊಳಪು ನೋಡಿ, ಮೀಟರ್ ಕಡಿಮೆ ಓಡಿದೆ ಅಂತ ಖುಷಿಪಟ್ಟು, ಒಂದು ವಿದೇಶಿ ಕಾರು ತಂದರು. ಬಿಲ್ ಒಂದೂ ಇರಲಿಲ್ಲ. ಮೂರನೇ ತಿಂಗಳಲ್ಲಿ ಹಳೇ ಬೆಲ್ಟ್ ಹರಿಯಿತು, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹೋಯಿತು.

ಕಡಿಮೆ ಓಡಿದ ಕಾರೇ ಒಳ್ಳೆಯದು ಅನ್ನುವುದನ್ನು ನಮ್ಮ ತಲೆಗೆ ಯಾರು ತುಂಬಿದರೋ! ನಿಂತೇ ಇದ್ದರೆ ರಬ್ಬರ್ ಒಣಗುತ್ತದೆ, ಸೀಲುಗಳಲ್ಲಿ ಆಯಿಲ್ ಜಿನುಗುತ್ತದೆ. ಇಷ್ಟು ಒಳ್ಳೆಯ ಕಾರುಗಳನ್ನು ಈಗ ಹೊದಿಕೆ ಹಾಕಿ, ಬೆಲೆ ಏರಲಿ ಅಂತ ಸುಮ್ನೆ ನಿಲ್ಲಿಸಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಲಕ್ಷ ಲಕ್ಷ ಕೊಟ್ಟು ಗಾಡಿ ಕೊಳ್ಳುವ ನಾವು ಮೆಕ್ಯಾನಿಕ್ ಕೂಲಿಯಲ್ಲಿ ಇನ್ನೂರು ರೂಪಾಯಿಗೆ ಜಗಳ ಆಡುತ್ತೇವೆ, ಅಲ್ವಾ? ಆಮೇಲೆ ಒಳ್ಳೆ ಮೆಕ್ಯಾನಿಕ್ ಸಿಗಲ್ಲ ಅಂತೀವಿ. ಆ ಕೂಲಿ ನೋಡಿದ ಅವರ ಮಕ್ಕಳು ಯಾಕಾದರೂ ಸ್ಪ್ಯಾನರ್ ಹಿಡಿಯಬೇಕು?

ಆಟೋಮ್ಯಾಟಿಕ್ ಬಗ್ಗೆ ಕೇಳಿದಿರಿ. ಬೇಡ. ಮ್ಯಾನುಯಲ್ ಕಾರಿನಲ್ಲಿ 270 ಹಾರ್ಸ್‌ಪವರ್, ಆಟೋಮ್ಯಾಟಿಕ್‌ನಲ್ಲಿ 252. ಶಕ್ತಿ ಕಡಿಮೆಯಾಗಿದ್ದಕ್ಕಿಂತ, ಆ ಪುಟ್ಟ ಗೇರ್ ಲಿವರ್ ಕೈಗೆ ಕೊಡುವ ಸುಖ ನಿಮಗೆ ತಪ್ಪುತ್ತದಲ್ಲ, ಅದು ನನ್ನ ಚಿಂತೆ. ನೀವು ನೋಡಿದ್ದು ಆಟೋಮ್ಯಾಟಿಕ್ ಆಗಿದ್ದರೆ ಇನ್ನೊಂದು ಆರು ತಿಂಗಳು ಕಾಯಿರಿ. ಮ್ಯಾನುಯಲ್ ಸಿಕ್ಕಿದ ದಿನ ಅದರ ಬಿಲ್‌ಗಳ ಫೋಟೊ ನನಗೂ ಕಳಿಸಿ, ಕೂತು ಓದುತ್ತೇನೆ.