ಲಿಬಿಯಾದಲ್ಲಿ ಫ್ರಾನ್ಸ್ ಯಾರ ಕಡೆ ಇತ್ತು?

ರಾಜಧಾನಿ ಟ್ರಿಪೋಲಿಯ ಸರ್ಕಾರವನ್ನು ಮಾನ್ಯ ಮಾಡಿದ್ದ ಫ್ರಾನ್ಸ್, ಅದರ ಮೇಲೇ ದಂಡೆತ್ತಿ ಹೋದ ಪೂರ್ವ ಲಿಬಿಯಾದ ಸೇನಾಧಿಪತಿ ಹಫ್ತಾರ್‌ಗೆ ಯಾಕೆ ಆಸರೆಯಾಯಿತು ಅಂತ ಕೇಳಿದ್ದೀರಿ. ಹೇಳೋದು ಒಂದು, ಮಾಡೋದು ಇನ್ನೊಂದು, ಅಷ್ಟೇ.

2011ರ ಮಾರ್ಚ್ 19ರಂದು ಲಿಬಿಯಾದ ಸರ್ವಾಧಿಕಾರಿ ಗಡಾಫಿಯ ಸೈನ್ಯದ ಮೇಲೆ ದಾಳಿ ಶುರು ಮಾಡಿದ್ದೇ ಫ್ರೆಂಚ್ ವಿಮಾನಗಳು. ಆಮೇಲೆ ದೇಶ ಚೂರಾಯಿತು, ಅಲ್ಲಿನ ಆಯುಧಗಳು ಸಹಾರಾ ದಾಟಿ ಮಾಲಿಗೆ ಹೋದವು, 2013ರಲ್ಲಿ ಅಲ್ಲಿಗೂ ಫ್ರಾನ್ಸೇ ಸೈನ್ಯ ಇಳಿಸಬೇಕಾಯಿತು. ಹಾಗಾಗಿ ಪ್ಯಾರಿಸ್‌ಗೆ ಜಿಹಾದಿಗಳನ್ನು ಬಗ್ಗುಬಡಿಯೋ ಒಬ್ಬ ಗಟ್ಟಿ ಆಳು ಬೇಕಿತ್ತು. ಎಣ್ಣೆಯ ಲೆಕ್ಕವೂ ಇತ್ತು, ಆದರೆ ಅದೇ ದೊಡ್ಡದು ಅಂತ ನನಗನ್ನಿಸಲ್ಲ. ಹಫ್ತಾರ್ ಬೆನ್ನಿಗಿದ್ದ ಈಜಿಪ್ಟ್ 2015ರಲ್ಲಿ ಫ್ರಾನ್ಸ್‌ನಿಂದ 24 ರಫೇಲ್ ಯುದ್ಧವಿಮಾನ ಕೊಂಡ ಗಿರಾಕಿ, ಅದನ್ನೂ ಮರೀಬೇಡಿ.

2016ರ ಜುಲೈನಲ್ಲಿ ಪೂರ್ವ ಲಿಬಿಯಾದ ಬೆಂಗಾಜಿ ಹತ್ತಿರ ಹೆಲಿಕಾಪ್ಟರ್ ಬಿದ್ದು ಮೂವರು ಫ್ರೆಂಚ್ ಸೈನಿಕರು ಸತ್ತರು. ಆಗಲೇ ಫ್ರೆಂಚ್ ಸರ್ಕಾರ ತನ್ನವರು ಅಲ್ಲಿದ್ದಾರೆ ಅಂತ ಬಾಯಿಬಿಟ್ಟು ಒಪ್ಪಿಕೊಂಡಿದ್ದು. 2019ರಲ್ಲಿ ಇನ್ನೂ ತಮಾಷೆ. ಹಫ್ತಾರ್ ಪಡೆ ಟ್ರಿಪೋಲಿಯ ದಕ್ಷಿಣಕ್ಕಿರೋ ಗರಿಯಾನ್ ಪಟ್ಟಣ ಬಿಟ್ಟು ಓಡಿದಾಗ ಅಲ್ಲಿ ಅಮೆರಿಕದ ಜಾವೆಲಿನ್ ಅನ್ನೋ ಟ್ಯಾಂಕ್ ನಾಶಕ ಕ್ಷಿಪಣಿಗಳು ಸಿಕ್ಕವು. ಕೊಂಡಿದ್ದು ನಾವೇ, ಆದರೆ ಕೆಟ್ಟಿದ್ದವು, ನಾಶ ಮಾಡೋಕೆ ಇಟ್ಟಿದ್ದೆವು, ಯಾರಿಗೂ ಕೊಟ್ಟಿಲ್ಲ ಅಂತ ಫ್ರಾನ್ಸ್ ಹೇಳಿತು. ಕೆಟ್ಟ ಕ್ಷಿಪಣಿ ಅಲ್ಲೀತನಕ ಸುಮ್ನೆ ನಡ್ಕೊಂಡು ಹೋಯ್ತಾ?